ಒಂದೆಕರೆ ಹಿಪ್ಪುನೇರಳೆಯಿಂದ ವರ್ಷಕ್ಕೆ ಐದು ಬೆಳೆ: ರೇಷ್ಮೆಯನ್ನು ನೆಚ್ಚಬಹುದಾದ ಆದಾಯ ಮಾಡಿಕೊಳ್ಳುವ ಬಗೆ

ಎರಡು ಮೂರು ಎಕರೆ ಜಮೀನು, ಒಂದು ಕೊಳವೆಬಾವಿ, ಮನೆಯಲ್ಲಿ ದುಡಿಯುವ ಮೂರು ನಾಲ್ಕು ಜನ. ಹಳೆ ಮೈಸೂರು ಸೀಮೆಯ ಇಂಥ ಕುಟುಂಬಕ್ಕೆ ಎರಡು ತಿಂಗಳಿಗೊಮ್ಮೆ ಕೈಗೆ ಹಣ ತಂದುಕೊಡುವ ಬೆಳೆಗಳು ಹೆಚ್ಚಿಲ್ಲ. ಅವುಗಳಲ್ಲಿ ರೇಷ್ಮೆ ಮುಖ್ಯವಾದುದು. ಹಿಪ್ಪುನೇರಳೆ ರೇಷ್ಮೆಯಲ್ಲಿ ದೇಶಕ್ಕೇ ಮೊದಲು ಕರ್ನಾಟಕ. ಮೊಟ್ಟೆಯಿಂದ ಮಾರುಕಟ್ಟೆಯವರೆಗಿನ ವ್ಯವಸ್ಥೆಯೆಲ್ಲ ಇಲ್ಲೇ ಇದೆ. ಆದರೂ ಒಂದು ಮನೆ ರೇಷ್ಮೆಯಿಂದ ಮೇಲೆದ್ದರೆ ಪಕ್ಕದ ಮನೆ ಎರಡೇ ವರ್ಷದಲ್ಲಿ ಸೊಪ್ಪು ಕಿತ್ತು ಬೇರೆ ಬೆಳೆಗೆ ಹೋಗುತ್ತದೆ. ಯಾಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಒಂದೆಕರೆ ತೋಟಕ್ಕೆ ಬೆಳೆಯೊಂದಕ್ಕೆ 250 ಮೊಟ್ಟೆ (ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು), 100 ಮೊಟ್ಟೆಗೆ 65 ಕೆ.ಜಿ. ದ್ವಿತಳಿ (ಬೈವೋಲ್ಟೈನ್, ಬಿಳಿ ಗೂಡಿನ ತಳಿ) ಗೂಡು, ಕೆ.ಜಿ.ಗೆ 500 ರೂಪಾಯಿ ಎಂದು ಇಟ್ಟುಕೊಳ್ಳಿ. (ದರ ದಿನದಿನಕ್ಕೂ ಏರಿಳಿಯುತ್ತದೆ, ಇದು ಲೆಕ್ಕಕ್ಕೆ ಹಿಡಿದದ್ದು ಮಾತ್ರ.) ಒಂದು ಬೆಳೆಗೆ ಸುಮಾರು 162 ಕೆ.ಜಿ., ಅಂದರೆ 81,000 ರೂಪಾಯಿ. ಕಷ್ಟಪಟ್ಟು ಇಳುವರಿಯನ್ನು 65ರಿಂದ 70 ಕೆ.ಜಿ.ಗೆ ಏರಿಸಿದರೆ ಐದೂ ಬೆಳೆ ಸೇರಿ ಹೆಚ್ಚಾಗಿ ಸಿಗುವುದು 31,250 ರೂಪಾಯಿ. ವರ್ಷದಲ್ಲಿ ಒಂದೇ ಒಂದು ಬೆಳೆ ಕೈಕೊಟ್ಟರೆ ಹೋಗುವುದು 81,000, ಅದರ ಮೇಲೆ ಚಾಕಿ (ಎಳೆ ಹುಳು), ಗೊಬ್ಬರ, ಕೂಲಿಯ ಖರ್ಚು. ಹಾಗಾಗಿ ರೇಷ್ಮೆಯಲ್ಲಿ ಮನೆ ನಿಲ್ಲುವುದು ಒಂದು ಬಂಪರ್ ಬೆಳೆಯಿಂದಲ್ಲ, ಯಾವ ಬೆಳೆಯೂ ಕೆಡದಂತೆ ನೋಡಿಕೊಳ್ಳುವುದರಿಂದ. ಮುಂದೆ ಹೇಳುವುದೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ.

ಮೊದಲು ಜಾಗ ಒಪ್ಪುತ್ತದೆಯೇ ನೋಡಿ

ಇರುವ ಜಮೀನಿಗೆಲ್ಲ ಸೊಪ್ಪು ಹಾಕಬೇಡಿ. ಮೂರು ಎಕರೆ ಇದ್ದರೆ ಒಂದೆಕರೆಯಿಂದ ಶುರು ಮಾಡಿ, ರಾಗಿ ಮತ್ತು ಮೇವಿನ ನೆಲ ಹಾಗೇ ಇರಲಿ. ಬೇಸಿಗೆಯಲ್ಲಿ ಕೊಳವೆಬಾವಿ ಎಷ್ಟು ನೀರು ಕೊಡುತ್ತದೆ ಎನ್ನುವುದರ ಮೇಲೆ ತೋಟದ ಅಳತೆ ನಿರ್ಧಾರವಾಗಬೇಕು. ಮಳೆಗಾಲದ ನೀರು ನೋಡಿ ಲೆಕ್ಕ ಹಾಕಿದವರು ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿದ ಎಲೆ ಹಿಡಿದು ಪರದಾಡುತ್ತಾರೆ.

ಅಕ್ಕಪಕ್ಕದ ಹೊಲಗಳನ್ನೂ ನೋಡಿ. ಹೊಗೆಸೊಪ್ಪಿನ ಹೊಲಕ್ಕೆ ಅಂಟಿಕೊಂಡ ತೋಟ ಬೇಡವೇ ಬೇಡ. ನಿಕೋಟಿನ್ ತಾಗಿದ ಎಲೆಯನ್ನು ಹುಳು ತಡೆಯಲಾರದು. ದ್ರಾಕ್ಷಿ, ಟೊಮೆಟೊ, ಮಾವಿನ ತೋಟಗಳ ಪಕ್ಕದಲ್ಲೂ ಸಿಂಪಡಿಸಿದ ಔಷಧಿ ಗಾಳಿಯಲ್ಲಿ ತೇಲಿಬರುತ್ತದೆ. ಅದರಲ್ಲೂ ಪೈರಿಪ್ರಾಕ್ಸಿಫೆನ್‌ನಂಥ ಔಷಧಿ ತಾಗಿದರೆ ಹುಳು ಸಾಯುವುದಿಲ್ಲ. ತಿನ್ನುತ್ತಲೇ ಇರುತ್ತದೆ, ದಪ್ಪವಾಗುತ್ತದೆ, ಆದರೆ ಹಣ್ಣಾಗುವುದೇ (ಗೂಡು ಕಟ್ಟುವ ಹದಕ್ಕೆ ಬರುವುದೇ) ಇಲ್ಲ, ಗೂಡು ಕಟ್ಟುವುದೂ ಇಲ್ಲ. ಸೊಪ್ಪೆಲ್ಲ ಹಾಕಿ ಮುಗಿದ ಮೇಲೆ ಗೊತ್ತಾಗುವ ನಷ್ಟ ಇದು. ಪಕ್ಕದ ಹೊಲದವರ ಹತ್ತಿರ ಮಾತಾಡಿ, ಸಿಂಪಡಿಸುವ ದಿನ ಮೊದಲೇ ತಿಳಿಸುವಂತೆ ಕೇಳಿಕೊಳ್ಳುವುದು ಗೊಬ್ಬರ ಹಾಕುವಷ್ಟೇ ಮುಖ್ಯವಾದ ಕೆಲಸ.

ತೋಟ

ನೀರಾವರಿಗೆ ವಿ-1 ತಳಿ ಹಾಕಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ ಬಂದ ತಳಿ ಇದು, ದಪ್ಪ ರಸವತ್ತಾದ ಎಲೆ. ಜೋಡಿ ಸಾಲಿನಲ್ಲಿ ನೆಡಿ: ಎರಡು ಸಾಲುಗಳ ನಡುವೆ 3 ಅಡಿ, ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಎಕರೆಗೆ 5,445 ಗಿಡ ಹಿಡಿಯುತ್ತವೆ. 5 ಅಡಿ ಜಾಗದಲ್ಲಿ ಟಿಲ್ಲರ್ ಓಡಾಡುತ್ತದೆ, 3 ಅಡಿಯ ನಡುವೆ ಒಂದೇ ಹನಿ ನೀರಾವರಿ ಪೈಪ್ ಎರಡು ಸಾಲಿಗೂ ಸಾಕಾಗುತ್ತದೆ. ಕಡ್ಡಿ ನೇರವಾಗಿ ಚುಚ್ಚುವ ಬದಲು ಮೂರು ನಾಲ್ಕು ತಿಂಗಳ ಸಸಿ ತಂದು ಮುಂಗಾರಿನಲ್ಲಿ ನೆಟ್ಟರೆ ಸಾಲಿನಲ್ಲಿ ಗ್ಯಾಪ್ ಬೀಳುವುದು ಕಡಿಮೆ. ಸಸಿ ತರುವಾಗ ಒಂದೆರಡನ್ನು ಕಿತ್ತು ಬೇರು ನೋಡಿ. ಬೇರಿನಲ್ಲಿ ಗಂಟು ಕಂಡರೆ ಆ ನರ್ಸರಿಯ ಒಂದು ಸಸಿಯೂ ಬೇಡ. ಬೇರುಗಂಟು ರೋಗ ಒಮ್ಮೆ ತೋಟಕ್ಕೆ ಹೊಕ್ಕರೆ ತೋಟ ಇರುವವರೆಗೂ ಅದರ ಜೊತೆಗೇ ಬಾಳಬೇಕು.

ವರ್ಷಕ್ಕೆ ಎಕರೆಗೆ 8 ಟನ್ ಕೊಟ್ಟಿಗೆ ಗೊಬ್ಬರವನ್ನು ಎರಡು ಕಂತಿನಲ್ಲಿ ಕೊಡಿ. ರಸಗೊಬ್ಬರದ ಶಿಫಾರಸು ಎಕರೆಗೆ 140:56:56 ಕೆ.ಜಿ. ಸಾರಜನಕ, ರಂಜಕ, ಪೊಟ್ಯಾಷ್. ಸಾರಜನಕವನ್ನು ಐದು ಬೆಳೆಗೂ ಸಮನಾಗಿ ಹಂಚಿ: ಬೆಳೆಗೆ 28 ಕೆ.ಜಿ., ಪೂರ್ತಿ ಯೂರಿಯಾದಲ್ಲೇ ಕೊಡುವುದಾದರೆ ಸುಮಾರು 60 ಕೆ.ಜಿ. ರಂಜಕ, ಪೊಟ್ಯಾಷ್‌ಗಳನ್ನು ಮೊದಲ ಮತ್ತು ಮೂರನೇ ಬೆಳೆಗೆ ಕೊಟ್ಟರೆ ಆಯಿತು. ಮಣ್ಣು ಪರೀಕ್ಷೆಯ ವರದಿ ಇದ್ದರೆ ಅದರಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕಡ್ಡಿ ಕತ್ತರಿಸಿದ ಎರಡು ಮೂರು ವಾರಕ್ಕೆ, ಚಿಗುರು ಬಂದ ಮೇಲೆ ಗೊಬ್ಬರ ಹಾಕಬೇಕು. ಎಲೆ ಕಡುಹಸಿರಾಗಲಿ ಎಂದು ಯೂರಿಯಾ ಸುರಿಯುವ ಅಭ್ಯಾಸ ಹಲವರಿಗಿದೆ. ಅಂಥ ಎಲೆಯಲ್ಲಿ ನೀರೇ ಹೆಚ್ಚು, ತಿಂದ ಹುಳುವಿಗೆ ಸಪ್ಪೆ ರೋಗ ಬೇಗ ತಗಲುತ್ತದೆ.

ಎಲೆಸುರುಳಿ ಹುಳು ಮಳೆಗಾಲದಲ್ಲಿ ಕುಡಿಗಳನ್ನು ಸುತ್ತಿಕೊಳ್ಳುತ್ತದೆ. ಸುತ್ತಿದ ಕುಡಿಗಳನ್ನು ಚಿವುಟಿ, ಚೀಲಕ್ಕೆ ಹಾಕಿ ಸುಡಿ. ನುಸಿ ಬಂದರೆ ತುಂತುರು ನೀರಾವರಿಯಲ್ಲಿ ಎಲೆಯ ತಳ ತೊಳೆದರೆ ಎಷ್ಟೋ ಇಳಿಯುತ್ತದೆ. ಅಂಗಡಿಯವರು ಕೊಟ್ಟ ಔಷಧಿಯನ್ನು ಕೇಳದೆ ಹೊಡೆಯಬೇಡಿ. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಹೆಸರು, ಪ್ರಮಾಣ, ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕು ಎಂಬ ಮೂರನ್ನೂ ಬರೆಸಿಕೊಂಡು ಬನ್ನಿ. ಎಲೆಯ ಮೇಲೆ ಅನುಮಾನವಿದ್ದರೆ 50 ಹುಳುಗಳನ್ನು ಬೇರೆ ತಟ್ಟೆಯಲ್ಲಿಟ್ಟು ಆ ಎಲೆ ಹಾಕಿ, ಒಂದು ದಿನ ಕಾದು ನೋಡಿ. ವಿಷ ತಾಗಿದ ಹುಳು ತಲೆ ಆಡಿಸುತ್ತಾ ಹಸಿರು ನೀರು ಕಾರುತ್ತದೆ. ಐವತ್ತು ಹುಳು ಹೋದರೆ ಹೋಗಲಿ, ಒಂದು ಲಕ್ಷ ಉಳಿಯುತ್ತವೆ. ಆದರೆ ಹಣ್ಣಾಗದಂತೆ ಮಾಡುವ ಔಷಧಿ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಪಕ್ಕದ ಹೊಲದವರ ಜೊತೆಗಿನ ಮಾತುಕತೆ ಬೇಕೇ ಬೇಕು.

ಎಷ್ಟು ಮೊಟ್ಟೆ ಹಾಕಬೇಕು?

ಬೆಳೆ ಕೆಡಲು ರೋಗದಷ್ಟೇ ದೊಡ್ಡ ಕಾರಣ ಮೊಟ್ಟೆಯ ಆಸೆ. 100 ಮೊಟ್ಟೆಯಿಂದ 40,000ದಿಂದ 50,000 ಹುಳು ಬರುತ್ತವೆ. ಅವು ಗೂಡು ಕಟ್ಟುವಷ್ಟರಲ್ಲಿ 1,000ದಿಂದ 1,200 ಕೆ.ಜಿ. ಎಲೆ ಬೇಕು. ಅದರಲ್ಲಿ ಶೇ 85ರಷ್ಟು ಹೋಗುವುದು ಕೊನೆಯ ಹಂತದ ಏಳು ದಿನಗಳಲ್ಲಿ, ಅಂದರೆ ನಾಲ್ಕನೇ ಜ್ವರ (ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ. ಮೊದಲ ಎರಡು ವಾರ ತೋಟ ತುಂಬಿ ತುಳುಕುತ್ತಿರುವಂತೆ ಕಾಣುವುದು ಇದೇ ಕಾರಣಕ್ಕೆ. ಕೊನೆಯ ಮೂರು ದಿನದಲ್ಲಿ ಸೊಪ್ಪು ಮುಗಿದು, ಸಿಕ್ಕ ತೋಟದಿಂದ ಸಿಕ್ಕ ಬೆಲೆಗೆ ತಂದು ಹಾಕಿ, ಆ ಎಲೆಯಲ್ಲಿ ಏನಿತ್ತೋ ಗೊತ್ತಾಗದೆ ಹುಳು ಕಳೆದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ.

ಮೊಟ್ಟೆಗೆ ಹೇಳುವ ಮೊದಲು ತೋಟ ತೂಗಿ. ಬೇರೆ ಬೇರೆ ಕಡೆಯ 10 ಗಿಡ ಆರಿಸಿ, ಕಡ್ಡಿ ಕತ್ತರಿಸಿ, ಎಲೆ ಬಿಡಿಸಿ ತೂಕ ಮಾಡಿ. ಹತ್ತು ಗಿಡಕ್ಕೆ 6 ಕೆ.ಜಿ. ಬಂದರೆ ಗಿಡಕ್ಕೆ 600 ಗ್ರಾಂ, 5,445 ಗಿಡಕ್ಕೆ 3,267 ಕೆ.ಜಿ. ಸತ್ತ ಗಿಡ, ಸಣ್ಣ ಗಿಡಕ್ಕೆಂದು ಹತ್ತನೇ ಒಂದು ಭಾಗ ಕಳೆಯಿರಿ. ಉಳಿದ 2,940 ಕೆ.ಜಿ.ಯನ್ನು 12ರಿಂದ ಭಾಗಿಸಿದರೆ 245 ಮೊಟ್ಟೆ. ಅಷ್ಟೇ ಹಾಕಿ, ಒಂದೂ ಹೆಚ್ಚು ಬೇಡ. ಹೊಸಬರಾದರೆ ಮೊದಲ ಎರಡು ಬೆಳೆಗೆ 100 ಮೊಟ್ಟೆ ಸಾಕು.

ತೋಟವನ್ನು ಅರ್ಧರ್ಧ ಮಾಡಿ 35 ದಿನಕ್ಕೊಂದು ಸಣ್ಣ ಬೆಳೆ ತೆಗೆಯುವುದೂ ಒಂದು ದಾರಿ. ಕೂಲಿಯ ಒತ್ತಡ ಕಡಿಮೆ, ಹಣವೂ ಬೇಗ ಬೇಗ ಬರುತ್ತದೆ. ಆದರೆ ಚಾಕಿ ತಂದ ದಿನದಿಂದ ಗೂಡು ಬಿಡಿಸುವವರೆಗೆ ಸುಮಾರು 25 ದಿನ ಮನೆ ತುಂಬಿರುತ್ತದೆ, ಶುಚಿ ಮಾಡಲು ಉಳಿಯುವುದು 10 ದಿನ. ಅದನ್ನೂ ಕಡಿಮೆ ಮಾಡಿ ತಿಂಗಳಿಗೊಂದು ಬೆಳೆ ಎಂದು ಹೊರಟರೆ ಹಿಂದಿನ ಬೆಳೆಯ ರೋಗ ಮುಂದಿನದಕ್ಕೆ ದಾಟುವುದು ಖಂಡಿತ.

ಹುಳು ಸಾಕುವ ಮನೆ

ಮನುಷ್ಯರು ಮಲಗುವ ಮನೆಯಲ್ಲಿ ಹುಳು ಸಾಕುವ ಕಾಲ ಮುಗಿಯಿತು. ಅಡುಗೆ ಹೊಗೆ, ಸೊಳ್ಳೆಬತ್ತಿ ಎರಡೂ ಹುಳುವಿಗೆ ಆಗದು. ವಾಸದ ಮನೆಯೊಳಗೆ ಔಷಧಿ ಹೊಡೆದು ಸರಿಯಾಗಿ ಶುದ್ಧ ಮಾಡಲೂ ಆಗದು. 250 ಮೊಟ್ಟೆಗೆ 50 ಅಡಿ ಉದ್ದ, 20 ಅಡಿ ಅಗಲದ ಮನೆ ಬೇಕು. ಅದರೊಳಗೆ 45 ಅಡಿ ಉದ್ದ, 5 ಅಡಿ ಅಗಲದ ಎರಡು ಸ್ಟ್ಯಾಂಡ್, ಒಂದೊಂದಕ್ಕೂ ಮೂರು ಅಂತಸ್ತು, ಅಂತಸ್ತಿನ ನಡುವೆ 2 ಅಡಿ. ಹುಳು ಮೇಯಲು ಒಟ್ಟು 1,350 ಚದರಡಿ ಹಾಸಿಗೆ ಸಿಗುತ್ತದೆ. 5 ಅಡಿಗಿಂತ ಅಗಲ ಮಾಡಿದರೆ ಎರಡೂ ಕಡೆಯಿಂದ ಕೈ ಚಾಚಿದರೂ ನಡುವಿನ ಹುಳು ಸಿಗುವುದಿಲ್ಲ, ರೋಗದ ಹುಳು ಅಲ್ಲೇ ಉಳಿದುಬಿಡುತ್ತದೆ. ಮನೆಯ ಉದ್ದ ಪೂರ್ವ-ಪಶ್ಚಿಮಕ್ಕಿದ್ದರೆ ಬಿಸಿಲು ಕಿರಿಯ ಗೋಡೆಗಳ ಮೇಲೆ ಬೀಳುತ್ತದೆ. ಶೀಟಿನ ಮಾಡಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಿ. ಬಾಗಿಲ ಮುಂದೆ ಪುಟ್ಟ ಕೋಣೆಯೊಂದು ಇರಲಿ, ಅದಕ್ಕೂ ಎಲ್ಲ ಕಿಟಕಿಗಳಿಗೂ ನೈಲಾನ್ ಜಾಲರಿ ಹಾಕಿಸಿ.

ಸಹಾಯಧನ ಬೇಕಾದರೆ ಕಟ್ಟುವ ಮೊದಲೇ ಅರ್ಜಿ ಕೊಟ್ಟು ಮಂಜೂರಾತಿ ಪತ್ರ ಪಡೆಯಿರಿ. ಆ ಹಣ ತಡವಾಗಿ ಬಂದರೂ ಸಾಲದ ಕಂತು ಕಟ್ಟಲು ಆಗುವಷ್ಟೇ ಖರ್ಚಿನ ಮನೆ ಕಟ್ಟಿ.

ಶುದ್ಧೀಕರಣ: ಬೆಳೆ ಉಳಿಯುವುದೂ ಕೆಡುವುದೂ ಇಲ್ಲೇ

ಇದನ್ನು ಎರಡು ಸಲ ಮಾಡಬೇಕು: ಗೂಡು ಬಿಡಿಸಿದ ಕೂಡಲೇ ಒಮ್ಮೆ, ಚಾಕಿ ಬರುವ ಎರಡು ಮೂರು ದಿನ ಮೊದಲು ಇನ್ನೊಮ್ಮೆ. ಮೊದಲನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ರೋಗದ ಧೂಳು ಮನೆಯಲ್ಲೇ ಕುಳಿತಿರುವಾಗ ಗುಡಿಸಿದರೆ ಅದು ಅಂಗಳಕ್ಕೆಲ್ಲ ಹರಡುತ್ತದೆ. ಮೊದಲು ಔಷಧಿ ಹೊಡೆದು ನೆನೆಸಿ, ಆಮೇಲೆ ಗುಡಿಸಿ ತೊಳೆಯಿರಿ.

ಅಳತೆ ಹೀಗಿದೆ. 100 ಲೀಟರ್ ನೀರಿಗೆ 2 ಕೆ.ಜಿ. ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿಸಿದ ಸುಣ್ಣ. ನೆಲದ ಚದರಡಿಗೆ 140 ಮಿ.ಲೀ. ಲೆಕ್ಕದಲ್ಲಿ 50-20ರ ಮನೆಗೆ 140 ಲೀಟರ್, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ), ಸ್ಟ್ಯಾಂಡ್, ತಟ್ಟೆಗಳಿಗೆ ಇನ್ನೊಂದು 40 ಲೀಟರ್. ಒಟ್ಟು 180 ಲೀಟರಿಗೆ 3.6 ಕೆ.ಜಿ. ಪುಡಿ, 540 ಗ್ರಾಂ ಸುಣ್ಣ. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಸೋಸಿಕೊಳ್ಳಿ. ಇಲ್ಲದಿದ್ದರೆ ಪಂಪಿನ ನಾಜಲ್ ಕಟ್ಟುತ್ತದೆ. ಗೋಡೆ, ಮಾಡಿನ ಒಳಭಾಗ, ಸ್ಟ್ಯಾಂಡಿನ ತಳ ಎಲ್ಲವೂ ತೊಟ್ಟಿಕ್ಕುವಷ್ಟು ನೆನೆಯಬೇಕು. ಆಮೇಲೆ 24 ಗಂಟೆ ಬಾಗಿಲು ಮುಚ್ಚಿ. ಪುಡಿಯಲ್ಲಿ ಶೇ 30ರಷ್ಟು ಕ್ಲೋರಿನ್ ಇರಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿಯಲ್ಲಿ ಅದು ಆರಿಹೋಗಿರುತ್ತದೆ. ಮೂಗಿಗೆ ಘಾಟು ಬಡಿಯದ, ಮುದ್ದೆಗಟ್ಟಿದ ಪುಡಿಯನ್ನು ಎಷ್ಟು ಹೊಡೆದರೂ ಅದು ಸುಣ್ಣದ ನೀರೇ. ಕಬ್ಬಿಣದ ಸ್ಟ್ಯಾಂಡ್ ಇದ್ದವರು ತುಕ್ಕಿನ ಕಾಟಕ್ಕೆ ಕ್ಲೋರಿನ್ ಡೈಆಕ್ಸೈಡ್ ಬಳಸುತ್ತಾರೆ: 100 ಲೀಟರಿಗೆ ಎರಡೂವರೆ ಲೀಟರ್ ಸ್ಯಾನಿಟೆಕ್, 250 ಗ್ರಾಂ ಅದರ ಜೊತೆಗೆ ಕೊಡುವ ಪುಡಿ, 500 ಗ್ರಾಂ ಸುಣ್ಣ.

ಚಾಕಿ ಬಂದ ಮೇಲೆ

ಮೊಟ್ಟೆ ತಂದು ಮನೆಯಲ್ಲೇ ಚಾಕಿ ಕಟ್ಟುವ ಬದಲು ಎರಡನೇ ಜ್ವರದವರೆಗೆ ಸಾಕಿದ ಹುಳುವನ್ನು ಚಾಕಿ ಕೇಂದ್ರದಿಂದ ತನ್ನಿ. ಎಳೆ ಹುಳುವಿಗೆ 27-28 ಡಿಗ್ರಿ ಶಾಖ, ಶೇ 85-90 ತೇವ ಹಗಲೂ ರಾತ್ರಿ ಒಂದೇ ಸಮ ಬೇಕು. ಸಾಮಾನ್ಯ ಮನೆಯಲ್ಲಿ ಅದು ಕಷ್ಟ. ಕೇಂದ್ರದಲ್ಲಿ ಮೊಟ್ಟೆ ಎಲ್ಲಿಂದ ತಂದದ್ದು, ಯಾವತ್ತು ಮರಿಯಾಯಿತು ಎಂದು ಕೇಳಿ, ರಸೀದಿ ಪಡೆಯಿರಿ. ಗಂಟು ರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಬರುತ್ತದೆ, ಸಾಕುವವರು ಏನು ಮಾಡಿದರೂ ಹೋಗದು. ಹಾಗಾಗಿ ಪರೀಕ್ಷೆಯಾದ ಮೊಟ್ಟೆಯ ಹುಳುವನ್ನಷ್ಟೇ ಕೊಳ್ಳಿ. ಎಲ್ಲ ಹುಳುವೂ ಒಟ್ಟಿಗೆ ಜ್ವರಕ್ಕೆ ಕೂತಿವೆಯೇ ನೋಡಿ. ಅರ್ಧ ಎದ್ದು ಅರ್ಧ ಕೂತಿದ್ದರೆ ಬೇಡ ಎನ್ನಿ. ಸಾಗಿಸುವುದು ತಂಪು ಹೊತ್ತಿನಲ್ಲೇ.

ಬೆಳೆದ ಹುಳುವಿಗೆ 24ರಿಂದ 26 ಡಿಗ್ರಿ, ಶೇ 70ರಷ್ಟು ತೇವ ಸಾಕು. ಶಾಖಮಾಪಕವಿಲ್ಲದೆ ಸಾಕಬೇಡಿ. ಬೇಸಿಗೆಯ ಮಧ್ಯಾಹ್ನ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಸಂಜೆ ತೆಗೆಯಿರಿ. ಚಳಿಗಾಲದಲ್ಲಿ ಹೀಟರ್ ಇಟ್ಟರೂ ಮೇಲಿನ ಗಾಳಿಕಿಂಡಿ ತೆರೆದಿರಲಿ. ಇದ್ದಿಲ ಹೊಗೆ ತುಂಬಿ, ಎಲ್ಲ ಕಿಂಡಿ ಮುಚ್ಚಿದ ಮನೆಯಲ್ಲಿ ಹುಳು ಸಪ್ಪೆಯಾಗುತ್ತದೆ.

ಜ್ವರದ ಸಮಯವನ್ನು ಕಣ್ಣಿಟ್ಟು ನೋಡಬೇಕು. ಜ್ವರಕ್ಕೆ ಕೂತ ಹುಳು ಮೇಯುವುದು ಬಿಟ್ಟು ತಲೆ ಎತ್ತಿ ಕದಲದೆ ನಿಲ್ಲುತ್ತದೆ, ಮೈ ಬಿಗಿದು ಹೊಳೆಯುತ್ತದೆ. ಶೇ 95ರಷ್ಟು ಹುಳು ಹೀಗೆ ಕೂತಾಗ ಸೊಪ್ಪು ನಿಲ್ಲಿಸಿ, ಹಾಸಿಗೆ ತೆಳುವು ಮಾಡಿ, ಸುಣ್ಣದ ಪುಡಿ ದೂಳಾಡಿಸಿ ಒಣಗಿಸಿ. ಎದ್ದ ಹುಳುವಿನ ತಲೆ ಮೈಗಿಂತ ದೊಡ್ಡದಾಗಿ, ಚರ್ಮ ಸಡಿಲಾಗಿ ಮಾಸಲಾಗಿ ಕಾಣುತ್ತದೆ. ಮೊದಲು ಎದ್ದವು ಹಸಿದಿವೆ ಎಂದು ಸೊಪ್ಪು ಹಾಕಬೇಡಿ. ಶೇ 95 ಏಳುವವರೆಗೆ ಕಾಯಿರಿ. ಅವಸರ ಮಾಡಿದರೆ ಹುಳು ದೊಡ್ಡದು ಸಣ್ಣದಾಗಿ ಒಡೆದುಹೋಗಿ, ಕೊನೆಗೆ ಹಣ್ಣಾಗುವುದೂ ಮೂರು ನಾಲ್ಕು ದಿನ ಎಳೆಯುತ್ತದೆ. ಎಲ್ಲ ಎದ್ದ ಮೇಲೆ ಮೊದಲ ಸೊಪ್ಪಿಗೆ ಅರ್ಧ ಗಂಟೆ ಮುಂಚೆ, ಹಾಸಿಗೆಯ ರೋಗಾಣು ಕೊಲ್ಲುವ ವಿಜೇತ ಪುಡಿಯನ್ನು ಚದರಡಿಗೆ 5 ಗ್ರಾಂನಂತೆ ತೆಳು ಬಟ್ಟೆಯಲ್ಲಿ ಕಟ್ಟಿ ದೂಳಾಡಿಸಿ. ಪ್ರತಿ ಜ್ವರ ಎದ್ದಾಗಲೂ, ಕೊನೆಯ ಹಂತದ ನಾಲ್ಕನೇ ದಿನವೂ ಇದು ಆಗಬೇಕು. ಹುಳು ಮೇಯುತ್ತಿರುವಾಗ ಮತ್ತು ಜ್ವರದಲ್ಲಿ ಕೂತಿರುವಾಗ ವಿಜೇತ ಹಾಕಬೇಡಿ.

ದಿನಕ್ಕೆ ಎರಡು ಮೂರು ಸಲ ರೆಂಬೆ ಹಾಕಿ. 60ರಿಂದ 65 ದಿನದ ರೆಂಬೆ ಸರಿಯಾದ ಹದ. ಬೆಳಿಗ್ಗೆ ತಂಪಿನಲ್ಲಿ ಕೊಯ್ದು, ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ನಿಲ್ಲಿಸಿ. ಮಳೆನೀರು ತೊಟ್ಟಿಕ್ಕುವ ಎಲೆ ಬೇಡ.

ರೋಗದ ಹುಳುವನ್ನು ಗುರುತಿಸುವುದು

ದಿನಾ ಬೆಳಿಗ್ಗೆ ಸೊಪ್ಪು ಹಾಕುವ ಮೊದಲು ಅಂಚುಗಳನ್ನು ನೋಡುತ್ತಾ ಒಂದು ಸುತ್ತು ಬನ್ನಿ. ಹಾಲುತೊಂಡೆ ರೋಗದ ಹುಳು ಮೇಯದೆ ಹಾಸಿಗೆಯ ಅಂಚಿನಲ್ಲಿ ಹರಿದಾಡುತ್ತದೆ. ಗಣ್ಣುಗಣ್ಣಿನ ನಡುವೆ ಊದಿಕೊಂಡು, ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಆ ಒಂದು ತೊಟ್ಟಿನಲ್ಲಿ ಇಡೀ ಅಂತಸ್ತಿಗೆ ಸಾಕಾಗುವಷ್ಟು ವೈರಸ್ ಇರುತ್ತದೆ. ಬಿಸಿಲು ಹೆಚ್ಚಿದಾಗ, ಹಗಲು ರಾತ್ರಿಯ ಶಾಖ ಏರುಪೇರಾದಾಗ ಇದು ಜಾಸ್ತಿ. ಸಪ್ಪೆ ರೋಗದ ಹುಳು ಮೆತ್ತಗಾಗಿ ಕುಗ್ಗುತ್ತದೆ, ಹಿಕ್ಕೆ ಸರದಂತೆ ಅಂಟಿಕೊಂಡು ಬರುತ್ತದೆ, ಸತ್ತರೆ ಕಪ್ಪಾಗಿ ನಾರುತ್ತದೆ. ಸುಣ್ಣಕಟ್ಟು ಮಳೆಗಾಲ, ಚಳಿಗಾಲದ್ದು. ಸತ್ತ ಹುಳು ಸೆಟೆದು ಬಿಳಿ ಸುಣ್ಣದ ಕಡ್ಡಿಯಾಗುತ್ತದೆ. ಬಿಳಿಯಾಗುವ ಮೊದಲೇ ತೆಗೆಯಬೇಕು, ಬಿಳಿಯಾದ ಮೇಲೆ ಅಲುಗಿದರೂ ರೋಗದ ಬೀಜ ಹಾರುತ್ತದೆ. ಅದು ಕಂಡ ದಿನದಿಂದ ನೆಲಕ್ಕೆ ನೀರು ಹಾಕುವುದು ನಿಲ್ಲಿಸಿ, ಸುಣ್ಣ ಹೆಚ್ಚಿಸಿ, ಗಾಳಿ ಆಡಲು ಬಿಡಿ.

ರೋಗದ ಹುಳುವನ್ನು ಕಡ್ಡಿಯಲ್ಲಿ ಎತ್ತಿ, ಬ್ಲೀಚಿಂಗ್-ಸುಣ್ಣದ ನೀರಿನ ಬೋಗುಣಿಗೆ ಹಾಕಿ, ಆಮೇಲೆ ಆಳವಾಗಿ ಹೂಳಿ. ಕೋಳಿಗೆ ಹಾಕಬೇಡಿ, ತೋಟಕ್ಕಂತೂ ಎಸೆಯಲೇಬೇಡಿ.

ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ 1980ರಲ್ಲಿ ಬಂತು, ಅಲ್ಲಿಂದ ಹೋಗಿಲ್ಲ. ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಅದರದೇ ಗಾಯ. ಜಾಲರಿಯಲ್ಲಿ ಒಂದು ತೂತು ಇದ್ದರೂ ಸಾಕು, ಒಳಬಂದುಬಿಡುತ್ತದೆ. ಗೂಡು ಬಿಡಿಸಿದ ಮೇಲೆ ನೆಲದ ಬಿರುಕು, ಮೂಲೆಗಳಲ್ಲಿ ಸಿಗುವ ಊಜಿ ಮರಿ, ಕೋಶಗಳನ್ನು ಗುಡಿಸಿ ಸುಡುವುದು ಪಕ್ಕದ ಮನೆಯವರೂ ಸೇರಿ ಮಾಡಬೇಕಾದ ಕೆಲಸ. ಒಂದೇ ಬೀದಿಯ ಹತ್ತು ಮನೆಯವರು ಒಂದೇ ವಾರ ಚಾಕಿ ತಂದು, ಒಂದೇ ವಾರ ಶುದ್ಧೀಕರಣ ಮಾಡಿದರೆ ಊಜಿಗೆ ಸದಾ ಹುಳು ಸಿಗುವುದು ತಪ್ಪುತ್ತದೆ. ಚಾಕಿ ತರಲೂ ಗೂಡು ಸಾಗಿಸಲೂ ಎಲ್ಲರೂ ಸೇರಿ ಒಂದೇ ಗಾಡಿ ಮಾಡಬಹುದು, ಪವರ್ ಸ್ಪ್ರೇಯರ್ ಹಂಚಿಕೊಳ್ಳಬಹುದು.

ಚಂದ್ರಿಕೆಯಿಂದ ಮಾರುಕಟ್ಟೆಗೆ

ಹಣ್ಣಾದ ಹುಳು ಮೈ ಪಾರದರ್ಶಕವಾಗಿ ತುಸು ಕುಗ್ಗಿ, ತಲೆ ಎತ್ತಿ ಜಾಗ ಹುಡುಕುತ್ತದೆ. 6 ಅಡಿ ಉದ್ದ, 4 ಅಡಿ ಅಗಲದ ಚಂದ್ರಿಕೆಗೆ 900ರಿಂದ 1,000 ಹುಳು ಬಿಡಿ. ಅಂದರೆ 100 ಮೊಟ್ಟೆಗೆ ಸುಮಾರು 45 ಚಂದ್ರಿಕೆ. ಚಂದ್ರಿಕೆ ಸಾಲದೆ ಒತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಮೇಲಿನ ಹುಳುವಿನ ಉಚ್ಚೆ ಕೆಳಗಿನ ಗೂಡಿಗೆ ಬಿದ್ದು ಕಲೆಯಾಗುತ್ತದೆ. ರೀಲರ್‌ಗಳು (ಗೂಡಿನಿಂದ ನೂಲು ತೆಗೆಯುವವರು) ಗೂಡು ಕೈಗೆತ್ತಿಕೊಂಡ ತಕ್ಷಣ ಹುಡುಕುವುದೇ ಇದನ್ನು. ಹುಳು ಗೂಡು ಕಟ್ಟುವ ಮೂರು ದಿನ ಮನೆ ಮುಚ್ಚಿಡದೆ ಗಾಳಿ ಹಾಯಲು ಬಿಡಿ. ತೇವ ಶೇ 65 ದಾಟಿದರೆ ಗೂಡಿನ ಎಳೆ ಒಂದಕ್ಕೊಂದು ಬಿಗಿಯಾಗಿ ಅಂಟಿ, ನೂಲು ಬಿಚ್ಚುವಾಗ ತುಂಡಾಗುತ್ತದೆ.

ದ್ವಿತಳಿ ಗೂಡನ್ನು ಏಳನೇ ದಿನ ಬಿಡಿಸಿ. ಅದಕ್ಕೆ ಮುಂಚೆ ನಾಲ್ಕು ಗೂಡು ಕತ್ತರಿಸಿ ನೋಡಿ: ಒಳಗಿನ ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು. ಹಳದಿಯಾಗಿ ಮೆತ್ತಗಿದ್ದರೆ ಸಾಗಿಸುವಾಗ ಒಡೆದು ಗೂಡೆಲ್ಲ ಕಲೆಯಾಗುತ್ತದೆ. ಜೋಡಿ ಗೂಡು, ತೆಳು ಗೂಡು, ಕಲೆ ಗೂಡು, ಊಜಿ ಕೊರೆದ ಗೂಡುಗಳನ್ನು ಮನೆಯಲ್ಲೇ ಬೇರೆ ಮಾಡಿ. ಐದಾರು ಕೆ.ಜಿ. ಕೆಟ್ಟ ಗೂಡು ತೂಕಕ್ಕೆ ಸೇರಲಿ ಎಂದು ಬಿಟ್ಟರೆ ಇಡೀ ಲಾಟಿನ ದರ ಇಳಿಯುತ್ತದೆ. ಸಡಿಲ ಬಟ್ಟೆ ಚೀಲದಲ್ಲಿ ತುಂಬಿ ರಾತ್ರಿ ಹೊರಡಿ, ಬೆಳಿಗ್ಗೆ ಹರಾಜಿಗೆ ಮುಂಚೆ ಮಾರುಕಟ್ಟೆಯಲ್ಲಿರಿ.

ರಾಮನಗರ, ಶಿಡ್ಲಘಟ್ಟದಂಥ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲೇ ಮಾರಿ. ಹರಾಜು ಎಲ್ಲರೆದುರು ನಡೆಯುತ್ತದೆ, ತೂಕಕ್ಕೆ ಚೀಟಿ ಸಿಗುತ್ತದೆ. ಮನೆ ಬಾಗಿಲಿಗೆ ಬಂದು ಕೊಳ್ಳುವವರು ಹೇಳುವ ದರ ಆಕರ್ಷಕವಾಗಿ ಕಂಡರೆ ಗಾಡಿ ಬಾಡಿಗೆ ಕಳೆದು ಹೋಲಿಸಿ, ಹಣ ಯಾವತ್ತು ಕೊಡುತ್ತಾರೆ ಎಂಬುದನ್ನೂ ಸೇರಿಸಿ ನೋಡಿ.

ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಬೆಳೆಗೂ ಒಂದು ಪುಟ ಇಡಿ: ಚಾಕಿ ತಂದ ದಿನ, ಮೊಟ್ಟೆ ಎಷ್ಟು, ಜ್ವರದ ದಿನಾಂಕಗಳು, ದಿನಾ ತೆಗೆದ ರೋಗದ ಹುಳು ಎಷ್ಟು, ಗೂಡಿನ ತೂಕ, ದರ, ಖರ್ಚು. ಮನೆಯವರ ದುಡಿಮೆಯನ್ನೂ ಕೂಲಿ ಲೆಕ್ಕದಲ್ಲಿ ಬರೆಯಿರಿ. ಸೊಪ್ಪು ಕೊಯ್ದು ಹಾಕುವುದು, ಹುಳು ನೋಡುವುದು ಬಹುಪಾಲು ಹೆಣ್ಣುಮಕ್ಕಳೇ. ಆ ದುಡಿಮೆ ಲೆಕ್ಕಕ್ಕೆ ಬಾರದಿದ್ದರೆ ಬೆಳೆ ಲಾಭವೋ ನಷ್ಟವೋ ಎಂದು ತಿಳಿಯುವುದೇ ಇಲ್ಲ. ಹಣ ಸೇರುವ ಬ್ಯಾಂಕ್ ಖಾತೆಯಲ್ಲಿ ಅವರ ಹೆಸರೂ ಇರಬೇಕಾದುದು ನ್ಯಾಯ. ರೋಗವಿಲ್ಲದ ಬೆಳೆಯ ಹಿಕ್ಕೆ, ಉಳಿದ ಕಡ್ಡಿಗಳನ್ನು ಗುಂಡಿಗೆ ಹಾಕಿ ಸಗಣಿ ಜೊತೆ ಕೊಳೆಸಿದರೆ ತೋಟಕ್ಕೆ ಬೇಕಾದ ಗೊಬ್ಬರದಲ್ಲಿ ಒಂದು ಪಾಲು ಕೊಳ್ಳುವುದು ತಪ್ಪುತ್ತದೆ. ರೋಗ ಬಂದ ಬೆಳೆಯದಾದರೆ ಸುಡಬೇಕು, ತೋಟಕ್ಕೆ ಒಂದು ಬುಟ್ಟಿಯೂ ಹೋಗಕೂಡದು.